ಶಾಲಾ ಶಿಕ್ಷಕರ ದೃಶ್ಯಕಲಾ ತರಬೇತಿ: ಮಲಪ್ರಭೆಯ ನಾಲ್ಕು ತಾಲೂಕುಗಳ ನೆಲೆಯಲ್ಲಿ

ಕನ್ನಡದಲ್ಲಿ ಅಕ್ಷರವನ್ನು ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ಒಂದೇ ಕ್ರಿಯಾಪದ ಎರಡಕ್ಕೂ ಸಲ್ಲುವುದು ಆಕಸ್ಮಿಕವಲ್ಲ. ಇದರ ಸೋದರ ಶಬ್ದವಾದ ತಮಿಳಿನ 'ವರೈ' ಸಹ ಬರವಣಿಗೆ, ಚಿತ್ರಣಗಳೆರಡನ್ನೂ ಸೂಚಿಸುತ್ತದೆ. ಕೈ ಚಲಿಸಿ ಗೆರೆ ಮೂಡಿಸುವುದೇ ಎರಡಕ್ಕೂ ಸಮಾನವಾದ ತಳಹದಿ. ಶಾಸನಗಳ ಕಾಲದಲ್ಲಿ ಈ ಕೈಗೆಲಸಕ್ಕೆ ಒಂದು ಬಗೆಯ ಮನ್ನಣೆಯಿದ್ದಿತು. ಪಾಠವನ್ನು ರಚಿಸಿದವನ ಜೊತೆಗೆ ಅದನ್ನು ಕಲ್ಲಿನಲ್ಲಿ ಕಂಡರಿಸಿದ ರೂವಾರಿಯ ಹೆಸರನ್ನೂ ಅನೇಕ ಶಾಸನಗಳು ದಾಖಲಿಸುತ್ತವೆ. ಕಿತ್ತೂರಿಗೆ ಸಮೀಪದ ದೇಗಾಂವದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯದ ಶಿಲ್ಪಿ ತಿಪ್ಪೋಜನ ಹೆಸರು ರಾಣಿಯ ಹೆಸರಿನೊಂದಿಗೆ ಉಳಿದುಬಂದಿದೆ. ಆಧುನಿಕ ಶಾಲೆ ಈ ಎರಡು 'ಬರೆ'ಗಳನ್ನು ಬೇರ್ಪಡಿಸಿತು. ಅಕ್ಷರ ಬರೆಯುವುದು ಪರೀಕ್ಷೆಯ ವಿಷಯವಾಯಿತು; ಚಿತ್ರ ಬರೆಯುವುದು ವಾರದ ಕೊನೆಯ 'ಡ್ರಾಯಿಂಗ್ ಪಿರಿಯಡ್' ಆಯಿತು. ಆ ಅವಧಿಯನ್ನೂ ಗಣಿತದವರು ಎರವಲು ಪಡೆಯುವುದು ಸಾಮಾನ್ಯ.

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳನ್ನು ಮಲಪ್ರಭಾ ನದಿ ಪಶ್ಚಿಮದಿಂದ ಪೂರ್ವಕ್ಕೆ ಪೋಣಿಸುತ್ತದೆ. ಎಂ.ಕೆ. ಹುಬ್ಬಳ್ಳಿಯ ಬಳಿ ಹೆದ್ದಾರಿಯನ್ನು ದಾಟುವ ನದಿ ನವಿಲುತೀರ್ಥದಲ್ಲಿ ರೇಣುಕಾಸಾಗರವಾಗಿ ನಿಂತು, ಮುಂದೆ ರಾಮದುರ್ಗ ಪಟ್ಟಣದ ಮಗ್ಗುಲಲ್ಲಿ ಹರಿಯುತ್ತದೆ. ಮಳೆ ಹೆಚ್ಚಿರುವ ಕಿತ್ತೂರಿನ ಕಡೆಯ ಕೆಂಪು ಮಣ್ಣು ಪೂರ್ವಕ್ಕೆ ಸರಿದಂತೆ ಎರೆಭೂಮಿಗೆ ಎಡೆ ಕೊಡುತ್ತದೆ. ಈ ನಾಲ್ಕು ತಾಲೂಕುಗಳ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಚಿತ್ರ, ಮಣ್ಣು, ಬಣ್ಣಗಳ ಕೆಲಸವನ್ನು ಕೈಯಾರೆ ಮಾಡಿಸಿ ಕಲಿಸುವ ತರಬೇತಿ ಹೇಗಿರಬೇಕು ಎಂಬ ಪ್ರಶ್ನೆಗೆ ಉತ್ತರವನ್ನು ಈ ನೆಲದಲ್ಲಿಯೇ ಹುಡುಕಲು ಸಾಧ್ಯವಿದೆ.

ಈ ಪ್ರಶ್ನೆ ಕೇವಲ ಚಿತ್ರಕಲಾ ಶಿಕ್ಷಕರಿಗೆ ಸಂಬಂಧಿಸಿದ್ದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಆರರಿಂದ ಎಂಟನೆಯ ತರಗತಿಯವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಮಾತ್ರ ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ ಹಾಗೂ ಕಾರ್ಯಶಿಕ್ಷಣಗಳಿಗೆ ಅರೆಕಾಲಿಕ ಬೋಧಕರನ್ನು ವಿಧಿಸುತ್ತದೆ. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ, ಅಂದರೆ ಚಿತ್ರ ಬರೆಯಲು ಇನ್ನೂ ಅಂಜದ ವಯಸ್ಸಿನವರಿಗೆ, ಪ್ರತ್ಯೇಕ ಕಲಾ ಬೋಧಕರನ್ನು ಅದು ಕೇಳುವುದೇ ಇಲ್ಲ. ಆದ್ದರಿಂದ ಎರಡು ಕೋಣೆಗಳ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ, ಗಣಿತ, ಪರಿಸರ ಅಧ್ಯಯನಗಳನ್ನು ಕಲಿಸುವ ಶಿಕ್ಷಕಿಯೇ ಚಿತ್ರವನ್ನೂ ಕಲಿಸಬೇಕು. 'ತನಗೇ ಚಿತ್ರ ಬರುವುದಿಲ್ಲ' ಎಂದು ನಂಬಿದವರು ಕಲಿಸುವ ಬಗೆ ಯಾವುದು? ತರಬೇತಿ ಆರಂಭವಾಗಬೇಕಾದುದು ಈ ಅಂಜಿಕೆಯಿಂದಲೇ.

ಪರಂಪರೆಯ ಎರಡು ಮುಖ

ಈ ಅಂಜಿಕೆಗೆ ಒಂದು ಇತಿಹಾಸವಿದೆ. 1956ರ ಏಕೀಕರಣದವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಮುಂಬಯಿಯಲ್ಲಿ 1857ರಲ್ಲಿ ಸ್ಥಾಪನೆಯಾದ ಸರ್ ಜೆ.ಜೆ. ಕಲಾಶಾಲೆ ಈ ಭಾಗದ ಕಲಾಶಿಕ್ಷಣಕ್ಕೆ ಮಾದರಿಯಾಯಿತು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಪದ್ಧತಿಯಿಂದ ಬಂದ ಶಿಸ್ತು ಅಲ್ಲಿ ಪ್ರಧಾನವಾಗಿತ್ತು. ಮಾದರಿಯ ಗೆರೆಯನ್ನು ನಕಲಿಸುವುದು, ಜ್ಯಾಮಿತೀಯ ಆಕೃತಿ, ಅಲಂಕರಣ, ವಸ್ತುಚಿತ್ರಣ ಇವು ಅದರ ಮೆಟ್ಟಿಲುಗಳು. ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳು ಈ ಶಿಸ್ತನ್ನು ಊರೂರಿಗೆ ತಲುಪಿಸಿದವು. ಕರ್ನಾಟಕದ ಲೋವರ್ ಗ್ರೇಡ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಲ್ಲಿಯೂ ಅದೇ ಸ್ವರೂಪ ಮುಂದುವರಿಯಿತು.

ಈ ಪದ್ಧತಿಯನ್ನು ಹಗುರವಾಗಿ ಕಾಣಲಾಗದು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದುಗಿನಲ್ಲಿ ಟಿ.ಪಿ. ಅಕ್ಕಿ, ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರು ಕಟ್ಟಿದ ಕಲಾಶಾಲೆಗಳು ಉತ್ತರ ಕರ್ನಾಟಕಕ್ಕೆ ಒಂದು ತಲೆಮಾರಿನ ಸಮರ್ಥ ಚಿತ್ರಕಾರರನ್ನೂ ಪ್ರೌಢಶಾಲೆಗಳಿಗೆ ಚಿತ್ರಕಲಾ ಶಿಕ್ಷಕರನ್ನೂ ನೀಡಿದವು. ಆದರೆ ಚಿತ್ರಕಾರನಾಗಬಯಸುವ ತರುಣನಿಗೆ ರೂಪಿಸಿದ ಶಿಸ್ತು ಏಳು ವರ್ಷದ ಮಗುವಿನ ಮೇಲೆ ಇಳಿದಾಗ ಬೇರೆಯೇ ಫಲ ಕೊಟ್ಟಿತು. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ದಂಡೆಯಲ್ಲಿ ಗುಡಿಸಲು, ತೆಂಗಿನ ಮರ: ಈ 'ಸೀನರಿ'ಯನ್ನು ಕರಿಹಲಗೆಯಿಂದ ನಕಲಿಸುವುದೇ ಚಿತ್ರಕಲೆ ಎಂಬ ತಿಳಿವಳಿಕೆ ಬೇರೂರಿತು. ತೆಂಗಿಗಿಂತ ಜಾಲಿಯೇ ಹೆಚ್ಚು ಪರಿಚಿತವಾದ ಸವದತ್ತಿ ಸೀಮೆಯ ಮಗುವೂ ತೆಂಗಿನ ಮರವನ್ನೇ ಬರೆಯುತ್ತದೆ. ಹಲಗೆಯ ಗೆರೆಯಂತೆ ತನ್ನ ಗೆರೆ ಬಾರದಿದ್ದಾಗ ರಬ್ಬರು ಕೈಗೆ ಬರುತ್ತದೆ. ಕ್ರಮೇಣ ಪೆನ್ಸಿಲಿಗಿಂತ ರಬ್ಬರೇ ಹೆಚ್ಚು ಸವೆಯುತ್ತದೆ.

ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಕ್ಕಳ ಚಿತ್ರರಚನೆಯ ಹಂತಗಳನ್ನು ವಿವರಿಸುತ್ತ, ಸುಮಾರು ಒಂಬತ್ತರ ನಂತರ ಮಗು ತನ್ನ ಚಿತ್ರವನ್ನು ಕಣ್ಣಿಗೆ ಕಾಣುವ ಲೋಕದೊಡನೆ ಹೋಲಿಸತೊಡಗುವುದನ್ನು ಗುರುತಿಸಿದ್ದಾನೆ. ಆ ವಯಸ್ಸಿನ ಹೊತ್ತಿಗೆ ವಿವಿಧ ಸಾಮಗ್ರಿಗಳ ಅನುಭವವಿಲ್ಲದ ಮಗು ಚಿತ್ರವನ್ನು ಬಿಟ್ಟೇಬಿಡುವ ಸಂಭವ ಹೆಚ್ಚು. ಇಂದಿನ ಶಿಕ್ಷಕರಲ್ಲಿ ಅನೇಕರು ಹಾಗೆ ಬಿಟ್ಟ ಮಕ್ಕಳೇ.

ಸೋಪಾನ ತರಬೇತಿಯ ಮಿತಿ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಹತ್ತನೆಯ ತರಗತಿಯವರೆಗೆ ಕಡ್ಡಾಯ ವಿಷಯವಾಗಿಸಲು ಸೂಚಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲಾ ಸಂಯೋಜಿತ ಕಲಿಕೆಯನ್ನು ಎತ್ತಿಹಿಡಿದು, ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿ ಅಭಿವೃದ್ಧಿಯನ್ನು ನಿರೀಕ್ಷಿಸಿತು. 2019ರಲ್ಲಿ ಆರಂಭವಾದ 'ನಿಷ್ಠಾ' ತರಬೇತಿಯಲ್ಲಿಯೂ ಕಲಾ ಸಂಯೋಜಿತ ಕಲಿಕೆಗೆ ಸ್ಥಾನವಿದೆ. ನೀತಿಯ ಮಟ್ಟದಲ್ಲಿ ಹೇಳಬೇಕಾದುದನ್ನೆಲ್ಲ ಹೇಳಲಾಗಿದೆ ಎನ್ನಬಹುದು. ತೊಡಕಿರುವುದು ತಲುಪಿಸುವ ವಿಧಾನದಲ್ಲಿ.

ರಾಜ್ಯಮಟ್ಟದಲ್ಲಿ ಕೆಲವರಿಗೆ, ಅವರಿಂದ ಜಿಲ್ಲೆಯ ಡಯಟ್‌ನಲ್ಲಿ ಸಂಪನ್ಮೂಲ ವ್ಯಕ್ತಿಗಳಿಗೆ, ಅವರಿಂದ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಶಿಕ್ಷಕರಿಗೆ ಎಂಬ ಮೆಟ್ಟಿಲು ಕ್ರಮದ ತರಬೇತಿ ನಮ್ಮಲ್ಲಿ ರೂಢಿಯಲ್ಲಿದೆ. ವ್ಯಾಕರಣದ ಸೂತ್ರವಾಗಲಿ ಮೌಲ್ಯಮಾಪನದ ನಮೂನೆಯಾಗಲಿ ಮೂರು ಬಾಯಿ ದಾಟಿದರೂ ಸ್ವಲ್ಪಮಟ್ಟಿಗೆ ಉಳಿಯುತ್ತದೆ. ಅವು ಮಾತಿನಲ್ಲಿಯೇ ಇರುವ ವಿಷಯಗಳು. ಮಣ್ಣು ಎಷ್ಟು ಹದಕ್ಕೆ ಬಂದಾಗ ಕೈಗೆ ಅಂಟುವುದನ್ನು ನಿಲ್ಲಿಸುತ್ತದೆ ಎಂಬ ತಿಳಿವಳಿಕೆ ಮಾತಿನಲ್ಲಿಲ್ಲ, ಬೆರಳಿನಲ್ಲಿದೆ. ಮೊದಲ ಮೆಟ್ಟಿಲಲ್ಲಿ ಕೈಯಿಂದ ಮಾಡಿದ್ದು ಎರಡನೆಯದರಲ್ಲಿ ಪ್ರಾತ್ಯಕ್ಷಿಕೆಯಾಗುತ್ತದೆ. ಮೂರನೆಯದರಲ್ಲಿ ಪರದೆಯ ಮೇಲಿನ ಚಿತ್ರವಾಗುತ್ತದೆ. ಶಾಲೆಗೆ ಬರುವಷ್ಟರಲ್ಲಿ ಕೈಪಿಡಿಯ ಒಂದು ಪುಟವಾಗಿ ಉಳಿಯುತ್ತದೆ. ಕಲಾ ತರಬೇತಿಗೆ ಈ ಮಾದರಿ ಒಗ್ಗದು ಎಂಬುದನ್ನು ಒಪ್ಪಿಕೊಳ್ಳದೆ ಗಂಟೆಗಳ ಲೆಕ್ಕವನ್ನು ಹೆಚ್ಚಿಸಿದರೆ ಪ್ರಯೋಜನ ಅಷ್ಟಕ್ಕಷ್ಟೆ.

ಬೇರೆ ದಾರಿಗಳಿಲ್ಲದಿಲ್ಲ. 1979ರಲ್ಲಿ ಸ್ಥಾಪನೆಯಾದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರದ ಶಿಬಿರಗಳಲ್ಲಿ ಶಿಕ್ಷಕರು ಕರಕುಶಲ ಕೆಲಸವನ್ನು ತಾವೇ ಮಾಡುತ್ತಾರೆ. ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ 'ಕಲಿ-ಕಲಿಸು' ಕಾರ್ಯಕ್ರಮ ಕರ್ನಾಟಕದ ಸರಕಾರಿ ಶಾಲಾ ಶಿಕ್ಷಕರಿಗೆ ತಮ್ಮೂರಿನ ಕಲೆ, ಕಸುಬುಗಳನ್ನು ತರಗತಿಗೆ ತರುವ ಯೋಜನೆಗಳಿಗಾಗಿ ನೇರವಾಗಿ ಅನುದಾನ ನೀಡಿದೆ. ಎರಡನೆಯದರ ವಿಶೇಷವೆಂದರೆ ಶಿಕ್ಷಕರು ಅಲ್ಲಿ ಮೇಲಿನಿಂದ ಬಂದುದನ್ನು ಪಡೆದು ದಾಟಿಸುವವರಲ್ಲ. ತಮ್ಮ ಶಾಲೆಯಲ್ಲಿ ತಾವೇ ಪ್ರಯೋಗ ನಡೆಸುವವರು.

ಮೊದಲ ಅವಧಿಯ ಮಣ್ಣು

ಶಾಲೆ ಜೂನ್ ಆರಂಭದ ಹೊತ್ತಿಗೆ ತೆರೆದು ದಸರೆಯ ವೇಳೆಗೆ ಮೊದಲ ಅವಧಿಯನ್ನು ಮುಗಿಸುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇದೇ ನಾಲ್ಕು ತಿಂಗಳು ಮಣ್ಣಿನ ಮೂರ್ತಿಗಳ ಕಾಲ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು; ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ; ಶ್ರಾವಣದ ಪಂಚಮಿಗೆ ನಾಗಪ್ಪ; ಭಾದ್ರಪದದ ಚೌತಿಗೆ ಗಣಪ; ಅದೇ ಮಾಸದ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಜೋಕುಮಾರ. ಜಾನಪದ ಅಧ್ಯಯನಗಳು ಈ ಐದು ಮಣ್ಣಿನ ಪೂಜೆಗಳನ್ನು ಮಳೆ, ಬೆಳೆ, ಫಲವಂತಿಕೆಗಳ ಆಚರಣೆಯೆಂದು ಸಾಕಷ್ಟು ವಿವರಿಸಿವೆ. ರೂಪರಚನೆಯ ದೃಷ್ಟಿಯಿಂದ ಅವುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇನ್ನೊಂದು ಸಂಗತಿ ಕಾಣುತ್ತದೆ. ಐದೂ ಮೂರ್ತಿಗಳು ಕೈಗೆ ಐದು ಬಗೆಯ ಸಮಸ್ಯೆಗಳನ್ನು ಒಡ್ಡುತ್ತವೆ.

ಮಣ್ಣೆತ್ತಿನದು ಭಾರದ ಸಮಸ್ಯೆ. ದಪ್ಪ ಒಡಲು ನಾಲ್ಕು ಕಾಲುಗಳ ಮೇಲೆ ಕುಸಿಯದೆ ನಿಲ್ಲಬೇಕು. ಕಾಲು ಸಣ್ಣದಾದರೆ ಎತ್ತು ಮಲಗುತ್ತದೆ, ದಪ್ಪವಾದರೆ ಆನೆಯಾಗುತ್ತದೆ. ಗುಳ್ಳವ್ವ ಕುಳಿತ ರೂಪ. ಅಲ್ಲಿ ಬೀಳುವ ಭಯವಿಲ್ಲ, ಆದ್ದರಿಂದ ಕೈ ಅಲಂಕರಣಕ್ಕೆ ತಿರುಗುತ್ತದೆ. ಗುಲಗಂಜಿ, ಹೂವು, ಕಾಳುಗಳು ಹಸಿಮಣ್ಣಿನಲ್ಲಿ ಕೂರುವ ಕ್ರಮವೇ ವಿನ್ಯಾಸದ ಮೊದಲ ಪಾಠ. ನಾಗಪ್ಪ ಅಂಗೈಯಲ್ಲಿ ಹೊಸೆದ ಉದ್ದನೆಯ ಎಳೆ; ಎಳೆಯೊಂದು ಸುರುಳಿಯಾಗಿ ಹೆಡೆಯೆತ್ತುವಾಗ ಗೆರೆಯೇ ಘನರೂಪ ತಾಳುತ್ತದೆ. ಗಣಪನಲ್ಲಿ ಬಿಡಿ ಅಂಗಗಳನ್ನು ಜೋಡಿಸುವ, ಎಡಬಲ ಸರಿತೂಗಿಸುವ ಕೆಲಸವಿದೆ. ಜೋಕುಮಾರನದು ಮುಖ. ಅಗಲ ಬಾಯಿ, ಬಿಟ್ಟ ಕಣ್ಣು, ಬೇಕೆಂದೇ ಹಿಗ್ಗಿಸಿದ ಅವಯವ. ಯಥಾವತ್ತಾದ ಹೋಲಿಕೆಯನ್ನು ಬಿಟ್ಟು ಭಾವಕ್ಕಾಗಿ ರೂಪವನ್ನು ಮಾರ್ಪಡಿಸುವ ಧೈರ್ಯ ಅಲ್ಲಿದೆ. ಭಾರ, ಅಲಂಕಾರ, ಎಳೆ, ಜೋಡಣೆ, ಭಾವ ಎಂಬ ಈ ಅನುಕ್ರಮವನ್ನು ಯಾವ ಪಠ್ಯಕ್ರಮ ಸಮಿತಿಯೂ ರಚಿಸಲಿಲ್ಲ. ಈ ಸೀಮೆಯ ಶಿಕ್ಷಕರಿಗೆ ಬಾಲ್ಯದಿಂದ ಪರಿಚಿತವಾದ, ತರಬೇತಿಯಲ್ಲಿ ನೆನಪಿಸಿದರೆ ಸಾಕಾದ ಅನುಕ್ರಮವದು.

ಇಲ್ಲಿಯೇ ಲೋವೆನ್‌ಫೆಲ್ಡನ ಇನ್ನೊಂದು ವಿವೇಚನೆ ಉಪಯೋಗಕ್ಕೆ ಬರುತ್ತದೆ. ಮಣ್ಣಿನಲ್ಲಿ ಕೆಲಸ ಮಾಡುವ ಮಕ್ಕಳಲ್ಲಿ ಕೆಲವರು ಒಂದೇ ಮುದ್ದೆಯಿಂದ ಕೊಂಬು, ಕಾಲುಗಳನ್ನು ಎಳೆದು ತೆಗೆಯುತ್ತಾರೆ. ಕೆಲವರು ಬಿಡಿಬಿಡಿಯಾಗಿ ಮಾಡಿ ಅಂಟಿಸುತ್ತಾರೆ. ಇವು ಲೋಕವನ್ನು ಗ್ರಹಿಸುವ ಎರಡು ಬಗೆಗಳು. ಒಂದನ್ನು ತಿದ್ದಿ ಇನ್ನೊಂದಾಗಿಸಬಾರದು ಎಂಬುದು ಅವನ ನಿಲುವು. 'ಹೀಗಲ್ಲ, ಹೀಗೆ ಮಾಡು' ಎಂದು ಮಗುವಿನ ಕೈಯಿಂದ ಮುದ್ದೆಯನ್ನು ಕಸಿದುಕೊಳ್ಳುವ ಅಭ್ಯಾಸವನ್ನು ತಡೆಯಲು ಈ ಒಂದು ತಿಳಿವಳಿಕೆಯೇ ಸಾಕು. ತರಬೇತಿಯಲ್ಲಿ ಶಿಕ್ಷಕರು ಸ್ವತಃ ಎತ್ತು ಮಾಡುವಾಗ ತಾವು ಯಾವ ಬಗೆಯವರೆಂಬುದನ್ನು ಕಂಡುಕೊಳ್ಳುತ್ತಾರೆ. ಪಕ್ಕದವರ ಬಗೆ ಬೇರೆಯಿರುವುದನ್ನೂ ನೋಡುತ್ತಾರೆ. ಉಪನ್ಯಾಸದಿಂದ ಇದು ದಕ್ಕುವಂಥದಲ್ಲ.

ಎರೆಮಣ್ಣು ಸುಲಭದ ಸಾಮಗ್ರಿಯಲ್ಲ ಎಂಬುದನ್ನೂ ಹೇಳಬೇಕು. ನೀರು ಕುಡಿದು ಉಬ್ಬುವ, ಒಣಗಿದಾಗ ಕುಗ್ಗಿ ಬಿರಿಯುವ ಅದರ ಗುಣ ಹೊಲದಲ್ಲಿ ಕಾಣುವಂತೆಯೇ ಮೂರ್ತಿಯಲ್ಲಿಯೂ ಕಾಣುತ್ತದೆ. ಹೆಂಟೆ ಒಡೆದು, ಜರಡಿ ಹಿಡಿದು, ರಾತ್ರಿಯಿಡೀ ನೆನೆಯಿಟ್ಟು, ನುಣ್ಣನೆಯ ಉಸುಕನ್ನೋ ಕೆಂಪು ಮಣ್ಣನ್ನೋ ಹಿಂಜಿದ ಹತ್ತಿಯನ್ನೋ ಬೆರೆಸಿ ನಾದಿದರೆ ಬಿರುಕು ಕಡಿಮೆಯಾಗುತ್ತದೆ. ಅಂಟಿಸುವ ಎರಡೂ ಮುಖಗಳನ್ನು ಕಡ್ಡಿಯಿಂದ ಗೀರಿ, ತೆಳು ಕೆಸರು ಸವರಿ ಒತ್ತಬೇಕು, ನೆರಳಿನಲ್ಲಿ ಒಣಗಿಸಬೇಕು. ಕಾಲು ಗಟ್ಟಿಯಾಗಲೆಂದು ದಪ್ಪ ಕಡ್ಡಿ ಸೇರಿಸುವುದು ಸಾಮಾನ್ಯ ತಪ್ಪು. ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ. ಆದ್ದರಿಂದ ಕಾಲು ಸೀಳುತ್ತದೆ. ಹಬ್ಬದ ಎತ್ತಿಗೆ ಈ ಚಿಂತೆಯಿಲ್ಲ, ಅದು ಪೂಜೆ ಮುಗಿದ ಮೇಲೆ ಮಣ್ಣಿಗೆ ಮರಳುವಂಥದು. ಕಪಾಟಿನಲ್ಲಿ ಇಟ್ಟು ಅಧಿಕಾರಿಗಳಿಗೆ ತೋರಿಸಬೇಕೆಂಬ ಹಂಬಲ ಶಾಲೆಯದು. ಕೆಲವೊಮ್ಮೆ ಆ ಹಂಬಲವನ್ನು ಬಿಟ್ಟು, ಮಾಡಿದ್ದನ್ನು ಮತ್ತೆ ನೀರಿಗೆ ಹಾಕಿ ಮರುವಾರದ ಪಾಠಕ್ಕೆ ಕಲಸಿಕೊಳ್ಳುವುದೇ ಒಳ್ಳೆಯದು.

ಊರಿಂದ ಊರಿಗೆ

ಮಣ್ಣು ನಾಲ್ಕೂ ತಾಲೂಕುಗಳಿಗೆ ಸಮಾನವಾದರೂ ಉಳಿದ ಸಾಮಗ್ರಿಗಳು ಊರಿಂದ ಊರಿಗೆ ಬೇರೆ. ರಾಮದುರ್ಗ, ಸುರೇಬಾನಗಳು ನೇಕಾರಿಕೆಯ ಊರುಗಳು. ಅಲ್ಲಿಯ ಮಗುವಿಗೆ ಹಾಸು, ಹೊಕ್ಕು ಎಂಬುವು ನಿತ್ಯದ ಮಾತುಗಳು. ಕನ್ನಡ ಪಾಠದಲ್ಲಿ 'ಹಾಸುಹೊಕ್ಕು' ಎಂಬ ನುಡಿಗಟ್ಟು ಬಂದಾಗ ಅದರ ಮೂಲವನ್ನು ಶಿಕ್ಷಕರಿಗೇ ಅದು ಹೇಳಿಕೊಡಬಲ್ಲದು. ಬಣ್ಣದ ಹಾಳೆಯ ಪಟ್ಟಿಗಳನ್ನು ಒಂದರ ಮೇಲೊಂದು ಒಂದರ ಕೆಳಗೊಂದು ಹೆಣೆಯುವ ಅಭ್ಯಾಸ ಮಗ್ಗದ ಪಕ್ಕದಲ್ಲಿ ಬೆಳೆದ ಮಕ್ಕಳಿಗೆ ಆಟ. ಚೌಕಳಿ ಮತ್ತು ಅಂಚುಗಳ ಲೆಕ್ಕ ಗಣಿತಕ್ಕೂ ಒದಗುತ್ತದೆ. ಸವದತ್ತಿ ತಾಲೂಕಿನ ಹೂಲಿಯ ಪಂಚಲಿಂಗೇಶ್ವರ ಗುಡಿಯಂಥ ಕಲ್ಯಾಣ ಚಾಲುಕ್ಯರ ಕಾಲದ ಕಟ್ಟಡಗಳು, ಕಿತ್ತೂರಿನ ಅರಮನೆಯ ಅವಶೇಷಗಳು ನೋಡಿ ಬರೆಯುವ ಅಭ್ಯಾಸಕ್ಕೆ ತಕ್ಕ ತಾಣಗಳು. ಇಡೀ ಗುಡಿಯನ್ನು ಬರೆಯಹೊರಟವರು ಸೋಲುತ್ತಾರೆ. ಒಂದು ಕಂಬದ ಬುಡ, ಬಾಗಿಲುವಾಡದ ಒಂದು ಬಳ್ಳಿ, ಕುಸಿದ ಗೋಡೆಯ ಒಂದು ಕಿಂಡಿ ಸಾಕು. ಚೆನ್ನಮ್ಮನ ಸಮಾಧಿಯಿರುವ ಬೈಲಹೊಂಗಲದಲ್ಲಿ, ರಾಯಣ್ಣನ ಸಂಗೊಳ್ಳಿಯಲ್ಲಿ ಶಾಲೆಯ ಗೋಡೆಗಳ ಮೇಲೆ ಕುದುರೆಯೇರಿದ ವೀರರ ಸಿದ್ಧಚಿತ್ರಗಳನ್ನು ಬರೆಸುವುದಕ್ಕಿಂತ, ಆ ಕಥೆಯನ್ನು ಕೇಳಿದ ಮಕ್ಕಳು ತಾವೇ ಬರೆದ ಸಾಲುಚಿತ್ರಗಳು ಹೆಚ್ಚು ಹೇಳುತ್ತವೆ.

ಸಾರಣೆ-ಕಾರಣೆಯ ಕೆಮ್ಮಣ್ಣು, ಸುಣ್ಣ, ಅರಿಶಿನ, ದೀಪದ ಕಾಡಿಗೆ ಇವುಗಳಿಂದ ಒಂದು ಪುಟ್ಟ ವರ್ಣಪಟ್ಟಿ ಸಿದ್ಧವಾಗುತ್ತದೆ. ಸುಗ್ಗಿಯ ನಂತರ ಜೋಳದ ದಂಟಿನ ಬೆಂಡು ಮತ್ತು ಸಿಬಿರಿನಿಂದ ಗಾಡಿ ಕಟ್ಟುವ ಆಟ ಎರಡನೆಯ ಅವಧಿಗೆ ಹೊಂದುತ್ತದೆ. ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುವ ಅಜ್ಜಿಯರು ತುಣುಕುಚಿತ್ರದ ಸಂಯೋಜನೆಯನ್ನು ಯಾವ ಕೈಪಿಡಿಗಿಂತ ಚೆನ್ನಾಗಿ ಬಲ್ಲರು.

ಯಾರ ಕೈ?

ಈ ಸಮೃದ್ಧಿಯನ್ನು ಕೊಂಡಾಡಿ ನಿಲ್ಲಿಸುವಂತಿಲ್ಲ. ಮಣ್ಣು, ಮರ, ನೂಲುಗಳ ಜ್ಞಾನ ನಮ್ಮ ಸಮಾಜದಲ್ಲಿ ಜಾತಿಗಳಿಗೆ ಹಂಚಿಹೋಗಿದೆ. ಜೋಕುಮಾರನನ್ನು ಕುಂಬಾರರು ಮಾಡಿಕೊಟ್ಟರೆ, ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತರುವವರು ಅಂಬಿಗ, ಬಾರಿಕೇರ ಮೊದಲಾದ ಸಮುದಾಯಗಳ ಹೆಣ್ಣುಮಕ್ಕಳು. ಸವದತ್ತಿ ತಾಲೂಕಿನ ಶಿರಸಂಗಿಯ ಕಾಳಿಕಾದೇವಿ ವಿಶ್ವಕರ್ಮರ ಆರಾಧ್ಯ ದೈವ. ಅಕ್ಷರದ ಕೈ ಮೇಲು, ಮಣ್ಣಿನ ಕೈ ಕೀಳು ಎಂಬ ಭಾವನೆ ಶಾಲೆಯ ಒಳಗೂ ಇದೆ. ಬಡಿಗೇರ ಓಣಿಯ ಹುಡು‌ಗನಿಗೆ ಕೈಗೆಲಸವನ್ನೂ ಉಳಿದವರಿಗೆ ಬರವಣಿಗೆಯನ್ನೂ ಹಂಚಿದರೆ ಕಲಾಶಿಕ್ಷಣ ಹಳೆಯ ಹಂಚಿಕೆಯನ್ನೇ ಗಟ್ಟಿಗೊಳಿಸಿದಂತಾಗುತ್ತದೆ. ಎಲ್ಲ ಮಕ್ಕಳ ಕೈಯೂ, ಮೊದಲಿಗೆ ಎಲ್ಲ ಶಿಕ್ಷಕರ ಕೈಯೂ ಮಣ್ಣಾಗಬೇಕು. ಊರಿನ ಕುಂಬಾರರನ್ನೋ ನೇಕಾರರನ್ನೋ ತರಬೇತಿಗೆ ಕರೆಯುವಾಗ ಅವರನ್ನು ಮಾದರಿ ತೋರಿಸುವ ಕೆಲಸಗಾರರೆಂದಲ್ಲ, ಗೌರವಧನ ಪಡೆಯುವ ಸಂಪನ್ಮೂಲ ವ್ಯಕ್ತಿಗಳೆಂದೇ ಹಾಜರಿ ಪುಸ್ತಕದಲ್ಲಿ ದಾಖಲಿಸಬೇಕು. ತಿಪ್ಪೋಜನ ಹೆಸರನ್ನು ಉಳಿಸಿದ ಸೀಮೆಯಲ್ಲಿ ಇದು ಹೊಸ ಮಾತಲ್ಲ.

ಪೂಜೆಯ ಪ್ರಶ್ನೆಯೂ ಸೂಕ್ಷ್ಮವಾದುದು. ಹಬ್ಬದ ಸರಣಿಯನ್ನು ಪಠ್ಯವಾಗಿ ಓದುವಾಗ ಶಾಲೆ ಪೂಜಾಸ್ಥಳವಾಗಿ ಬಿಡುವ ಅಪಾಯವಿದೆ. ತರಗತಿಯಲ್ಲಿ ಎತ್ತು ಎತ್ತಾಗಿರಬೇಕು. ಕುಂಕುಮವಿಲ್ಲದ ಎತ್ತನ್ನು ಯಾವ ಮನೆಯ ಮಗುವಾದರೂ ಮಾಡಬಹುದು. ಮೊಹರಮ್ಮಿನ ತಾಬೂತಿಗೆ ಬೇಗಡೆ, ಬಣ್ಣದ ಹಾಳೆ ಕತ್ತರಿಸುವ ನೈಪುಣ್ಯವೂ ಇದೇ ಹಳ್ಳಿಗಳದು. ಎರಡೂ ಧರ್ಮದವರು ಕೂಡಿ ಮಾಡುವ ಆ ಕೆಲಸಕ್ಕೆ ಕಾಗದಕಲೆಯ ಪಾಠದಲ್ಲಿ ಸ್ಥಾನ ಸಿಗಬೇಕು.

ಕನ್ನಡ ಅಧ್ಯಾಪಕರಿಗೆ ಇದರಲ್ಲಿ ನೇರ ಆಸಕ್ತಿಯಿರಲು ಒಂದು ಕಾರಣವಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009-10ರಿಂದ ರಾಜ್ಯದಾದ್ಯಂತ ಹಬ್ಬಿದ 'ನಲಿ-ಕಲಿ' ಪದ್ಧತಿ ಮಕ್ಕಳ ಎತ್ತರಕ್ಕೆ ಗೋಡೆಹಲಗೆಯನ್ನೂ ಅವರ ಕೆಲಸವನ್ನು ತೂಗುಹಾಕಲು ಚಪ್ಪರವನ್ನೂ ಕೊಟ್ಟಿತು. ಸೌಕರ್ಯ ಇತ್ತು, ಅಲ್ಲಿ ತೂಗಿದ್ದು ಬಹುಮಟ್ಟಿಗೆ ಬಣ್ಣ ತುಂಬಿದ ಸಿದ್ಧ ಆಕೃತಿಗಳು. ಎತ್ತು ಮಾಡುವ ಮಗು ಕೈಯಾಡಿಸುತ್ತಲೇ ಹಿಣಿಲು, ಗಂಗೆದೊಗಲು, ಗೊರಸು, ಮೂಗುದಾಣ, ನೊಗ ಎಂಬ ಮಾತುಗಳನ್ನು ಆಡುತ್ತದೆ. ಟ್ರ್ಯಾಕ್ಟರು ಬಂದ ಮನೆಗಳಲ್ಲಿ ಈ ಪದಗಳು ಕೇಳಿಬರುವುದು ಅಪರೂಪವಾಗುತ್ತಿದೆ; ಪೇಟೆಯಲ್ಲಿ ಅಚ್ಚಿನಿಂದ ತೆಗೆದು ಬಣ್ಣ ಬಳಿದ ಜೋಡೆತ್ತುಗಳು ಸಿಗುವುದರಿಂದ ಮಣ್ಣು ಮಿದಿಯುವ ಕೆಲಸವೂ ಮನೆಯಿಂದ ಹೊರಬಿದ್ದಿದೆ. ಕೈ ಮರೆತರೆ ಅದರ ಮಾತೂ ಮರೆಯುತ್ತದೆ. ಮಗು ಎತ್ತಿನ ಬಗ್ಗೆ ಹೇಳಿದ ನಾಲ್ಕು ವಾಕ್ಯಗಳನ್ನು ಶಿಕ್ಷಕಿ ಬರೆದುಕೊಂಡರೆ ಅದೇ ಮರುದಿನದ ಓದಿನ ಪಾಠ. ಮೌಲ್ಯಮಾಪನ ವಹಿಯಲ್ಲಿ 'ಅಂದವಾಗಿದೆ, ಅಂದವಾಗಿಲ್ಲ' ಎಂಬ ಷರಾಕ್ಕಿಂತ ಮಗು ಯಾವ ತೊಡಕನ್ನು ಹೇಗೆ ಬಿಡಿಸಿತು ಎಂಬ ಒಂದು ಸಾಲು ಹೆಚ್ಚು ಬೆಲೆಯುಳ್ಳದ್ದು. ಹೀಗೆ ಗಮನಿಸಿ ಬರೆಯುವುದನ್ನೂ ತರಬೇತಿಯಲ್ಲಿಯೇ ಅಭ್ಯಾಸ ಮಾಡಿಸಬೇಕಾಗುತ್ತದೆ.

ಕೊನೆಯದಾಗಿ ಕಾಲದ ಮಾತು. ಮೂರು ದಿನಗಳ ಶಿಬಿರವೊಂದನ್ನು ವರ್ಷದ ಯಾವುದೋ ತಿಂಗಳಲ್ಲಿ ನಡೆಸುವುದಕ್ಕಿಂತ, ಸಮೂಹ ಸಂಪನ್ಮೂಲ ಕೇಂದ್ರದ ಮಟ್ಟದಲ್ಲಿ ತಿಂಗಳಿಗೊಂದು ಅರ್ಧ ದಿನ, ಜೂನಿನಿಂದ ಸೆಪ್ಟೆಂಬರಿನವರೆಗೆ, ಅದೇ ಹತ್ತು-ಹದಿನೈದು ಶಿಕ್ಷಕರು ಕೂಡುವುದು ಹೆಚ್ಚು ಫಲಕಾರಿ. ಒಂದು ಭೇಟಿಯಲ್ಲಿ ಮಾಡಿದ್ದನ್ನು ತರಗತಿಯಲ್ಲಿ ಪ್ರಯೋಗಿಸಿ, ಬಿರಿದ ಎತ್ತುಗಳನ್ನೂ ಸಹ ಹೊತ್ತು ತಂದು ಮುಂದಿನ ಭೇಟಿಯಲ್ಲಿ ಚರ್ಚಿಸಲು ಆಗ ಎಡೆಯಿರುತ್ತದೆ. ಆದರೆ ಜ್ಯೇಷ್ಠದ ಅಮಾವಾಸ್ಯೆ ಬರುವ ಹೊತ್ತಿಗೆ ಮಳೆ ಹಿಡಿದು ಕೆರೆಗಳಿಗೆ ನೀರು ಬಂದಿರುತ್ತದೆ. ಮಣ್ಣನ್ನು ಏಪ್ರಿಲ್-ಮೇ ತಿಂಗಳಲ್ಲಿ, ಕೆರೆಯಂಗಳ ಒಣಗಿದ್ದಾಗಲೇ, ಅಗೆದು ತಂದು ಶಾಲೆಯ ಮೂಲೆಯಲ್ಲಿ ಗೋಣಿಚೀಲಗಳಲ್ಲಿ ತುಂಬಿಡಬೇಕು.